ಶಿಬಿರ ಕಚೇರಿಯ ಫೋನಿಗೆ ಏನು ಬೇಕು, ಏನು ಬೇಡ

ಅಕ್ಕಂದಿರೇ, ಈ ಸಂಚಿಕೆಯಲ್ಲಿ ನಾನು ಜಂತುಹುಳುವಿನ ಔಷಧಿ, ಕೆಚ್ಚಲು ಬಾವು, ಮೇವು ಇವುಗಳ ಬಗ್ಗೆ ಬರೆಯುತ್ತಿಲ್ಲ. ನಮ್ಮ ಶಿಬಿರ ಕಚೇರಿಯ ಟೆಲಿಫೋನಿನ ಬಗ್ಗೆ ಬರೆಯುತ್ತಿದ್ದೇನೆ. ಪಶುವೈದ್ಯಾಧಿಕಾರಿಗೆ ಫೋನಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಿಮ್ಮ ಕೊಟ್ಟಿಗೆಯಲ್ಲಿ ಹಸು ಬಿದ್ದಿದೆ ಎಂಬ ಸುದ್ದಿ ನನಗೆ ಬರುವುದೇ ಈ ಫೋನಿನಲ್ಲಿ. ಸುದ್ದಿ ಬರದಿದ್ದರೆ ನನ್ನ ಚೀಲದಲ್ಲಿ ಕ್ಯಾಲ್ಸಿಯಂ ಬಾಟಲಿ ಎಷ್ಟಿದ್ದರೇನು?

ಹಲವು ಶಿಬಿರ ಕಚೇರಿಗಳಲ್ಲಿ, ಬಿಎಂಸಿ ಇರುವ ಕೆಲವು ದೊಡ್ಡ ಮಹಿಳಾ ಸಂಘಗಳಲ್ಲಿ ಗೋಡೆಗೆ ಒಂದು ಪೆಟ್ಟಿಗೆ ಹಾಕಿರುವುದನ್ನು ನೀವು ನೋಡಿರುತ್ತೀರಿ. ಕಚೇರಿಯಲ್ಲಿ ಅದನ್ನು ಇಂಟರ್‌ಕಾಮ್ ಎನ್ನುತ್ತಾರೆ. ಬಿಲ್ಲಿನಲ್ಲಿ ಇಪಿಎಬಿಎಕ್ಸ್ ಎಂದಿರುತ್ತದೆ. ಹೊರಗಿನಿಂದ ಒಂದೋ ಎರಡೋ ಲೈನು ಆ ಪೆಟ್ಟಿಗೆಗೆ ಬರುತ್ತದೆ. ಅಲ್ಲಿಂದ ವೈದ್ಯರ ಕೋಣೆ, ಔಷಧಿ ಉಗ್ರಾಣ, ವಿಸ್ತರಣಾಧಿಕಾರಿಯ ಕೋಣೆ, ಲೆಕ್ಕಪತ್ರದ ಮೇಜು, ಬಿಎಂಸಿ ಹೀಗೆ ಏಳೆಂಟು ಕಡೆಗೆ ಫೋನು ಹೋಗಿರುತ್ತದೆ. ಇಂಥ ಪೆಟ್ಟಿಗೆಯನ್ನು ಮಾರುವಾಗ ಮುಖ್ಯವಾದ ಭಾಗಗಳನ್ನು ಮಾತ್ರ ಹಾಕಿ, ಒಳಗೆ ಕೆಲವು ಗೂಡುಗಳನ್ನು ಖಾಲಿ ಬಿಟ್ಟಿರುತ್ತಾರೆ. ಆಮೇಲೆ ಬೇಕಾದ ಕಾರ್ಡು ತಂದು ಸಿಕ್ಕಿಸಿಕೊಳ್ಳಬಹುದು, ಹೊರಗಡೆ ಬೇಕಾದ ಸಾಮಾನು ಜೋಡಿಸಿಕೊಳ್ಳಬಹುದು. ಇದನ್ನೇ ಹೆಚ್ಚುವರಿ ಸಲಕರಣೆ ಎನ್ನುವುದು.

ಈಗ ಇಂಥ ಹೆಚ್ಚುವರಿ ಸಲಕರಣೆಗಳ ಪಟ್ಟಿ ಹಿಡಿದುಕೊಂಡು ಮಾರುವವರು ಕಚೇರಿಯಿಂದ ಕಚೇರಿಗೆ ತಿರುಗುತ್ತಿದ್ದಾರೆ. ಪಟ್ಟಿ ಉದ್ದವಾಗಿದೆ. ಕರೆ ಮಾಡಿದವರಿಗೆ ಧ್ವನಿಮುದ್ರಿತ ಸ್ವಾಗತ, 'ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ' ಎನ್ನುವ ಕಾರ್ಡು, ಕಾಯುವಾಗ ಕೇಳಿಸುವ ಸಂಗೀತ, ಬಾಗಿಲ ಬಳಿಯ ಫೋನು, ಕರೆ ಮಾಡಿದವರ ನಂಬರ್ ತೋರಿಸುವ ಕಾರ್ಡು, ಸಿಮ್ ಹಾಕುವ ಕಾರ್ಡು, ಸಂದೇಶ ಹಿಡಿದಿಡುವ ಯಂತ್ರ, ದೊಡ್ಡ ಗಂಟೆ, ಬ್ಯಾಟರಿ, ಸಿಡಿಲು ತಡೆ. ಎಲ್ಲವನ್ನೂ ಒಟ್ಟಿಗೆ ಹಾಕಿಸಲು ಯಾವ ಶಿಬಿರದಲ್ಲೂ ದುಡ್ಡಿಲ್ಲ. ಯಾವುದನ್ನು ಮೊದಲು ಹಾಕಿಸುವುದು ಎಂಬ ಪ್ರಶ್ನೆ ಬಂದಾಗ ಹೆಚ್ಚಿನ ಕಡೆ ಗೆಲ್ಲುವುದು ಸ್ವಾಗತದ ಧ್ವನಿ ಮತ್ತು ಸಂಗೀತ. ಸಭೆಯಲ್ಲಿ ಮಾರುವವರು ಅದನ್ನು ಹಾಕಿ ತೋರಿಸಿದರೆ ಎಲ್ಲರಿಗೂ ಖುಷಿ. ಬ್ಯಾಟರಿಯನ್ನು ಹಾಗೆ ತೋರಿಸಿ ಮೆಚ್ಚಿಸಲು ಆಗುವುದಿಲ್ಲವಲ್ಲ.

ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ಕರೆಂಟು ಹೋದಾಗಲೂ ಫೋನು ಬದುಕಿರುವ ಏರ್ಪಾಡು ಮೊದಲು. ಕಚೇರಿ ಮುಚ್ಚಿದ ಮೇಲೆ ಕರೆಯು ಪಾಳಿಯಲ್ಲಿರುವ ವೈದ್ಯರ ಮೊಬೈಲಿಗೆ ಹೋಗುವ ಏರ್ಪಾಡು ಎರಡನೆಯದು. ಅಂಗಳದಲ್ಲಿದ್ದವರಿಗೂ ಕೇಳುವ ಗಂಟೆ ಆಮೇಲೆ. ಇವು ಮೂರೂ ಆದಮೇಲೆ ದುಡ್ಡು ಉಳಿದರೆ ಉಳಿದದ್ದನ್ನು ನೋಡೋಣ. ಒಂದು ಒತ್ತಿ ಎರಡು ಒತ್ತಿ ಎನ್ನುವುದಂತೂ ನಮ್ಮ ಶಿಬಿರಗಳಿಗೆ ಬೇಡವೇ ಬೇಡ.

ಕರೆಂಟಿನ ವಿಷಯದಿಂದ ಶುರು ಮಾಡುತ್ತೇನೆ, ಯಾಕೆಂದರೆ ಇದರಲ್ಲಿ ಒಂದು ಬದಲಾವಣೆ ಆಗಿರುವುದು ಬಹಳ ಜನರ ಗಮನಕ್ಕೆ ಬಂದಿಲ್ಲ. ಹಳೆಯ ತಾಮ್ರದ ತಂತಿಯ ಫೋನಿಗೆ ನಿಮ್ಮ ಮನೆಯ ಕರೆಂಟು ಬೇಕಿರಲಿಲ್ಲ. ಎಕ್ಸ್‌ಚೇಂಜಿನಲ್ಲಿರುವ ದೊಡ್ಡ ಬ್ಯಾಟರಿಗಳಿಂದ 48 ವೋಲ್ಟ್ ವಿದ್ಯುತ್ತು ಅದೇ ತಂತಿಯಲ್ಲಿ ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ಹೊಡೆದುಕೊಳ್ಳುತ್ತಿತ್ತು. ಈಗ ಎಷ್ಟೋ ಕಡೆ ತಾಮ್ರದ ಬದಲು ಫೈಬರ್ ಬಂದಿದೆ. ಫೈಬರಿನಲ್ಲಿ ಬರುವುದು ಬೆಳಕು. ಅದರಲ್ಲಿ ವಿದ್ಯುತ್ತು ಬರುವುದಿಲ್ಲ. ಕಚೇರಿಯ ಗೋಡೆಯ ಮೇಲಿರುವ ಮೋಡೆಮ್ಮಿಗೆ ಕಚೇರಿಯ ಕರೆಂಟೇ ಬೇಕು. ಅದರ ಪಕ್ಕದ ಇಂಟರ್‌ಕಾಮ್ ಪೆಟ್ಟಿಗೆಗೂ ಕಚೇರಿಯ ಕರೆಂಟೇ ಬೇಕು. ಕರೆಂಟು ಹೋದರೆ ಎರಡೂ ಒಟ್ಟಿಗೆ ಸುಮ್ಮನಾಗುತ್ತವೆ.

ಕೆಲವು ಪೆಟ್ಟಿಗೆಗಳಲ್ಲಿ ಕರೆಂಟು ಹೋದ ತಕ್ಷಣ ಹೊರಗಿನ ಲೈನನ್ನು ನೇರವಾಗಿ ಒಂದು ಫೋನಿಗೆ ಜೋಡಿಸಿಬಿಡುವ ವ್ಯವಸ್ಥೆ ಇರುತ್ತದೆ. ಮಾರುವವರು ಅದನ್ನು ಹೇಳಿ, ಬ್ಯಾಟರಿ ಅಗತ್ಯವಿಲ್ಲ ಎನ್ನಬಹುದು. ತಾಮ್ರದ ಲೈನಿದ್ದರೆ ಆ ಮಾತು ಸರಿ. ಫೈಬರ್ ಆಗಿದ್ದರೆ ಮೋಡೆಮ್ಮೇ ಆರಿಹೋಗಿರುವಾಗ ಯಾವ ಫೋನಿಗೆ ಜೋಡಿಸಿದರೂ ಪ್ರಯೋಜನವಿಲ್ಲ. ಆದ್ದರಿಂದ ಬ್ಯಾಟರಿಯು ಪೆಟ್ಟಿಗೆ, ಮೋಡೆಮ್ ಎರಡಕ್ಕೂ ಇರಬೇಕು. ಲೆಕ್ಕ ಕಷ್ಟದ್ದೇನಲ್ಲ. 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿ ಎಂದರೆ 84 ವ್ಯಾಟ್-ಅವರ್. 15 ವ್ಯಾಟ್ ಎಳೆಯುವ ಸಲಕರಣೆಗೆ ಲೆಕ್ಕದಲ್ಲಿ ಐದೂವರೆ ಗಂಟೆ ಬರಬೇಕು. ನಷ್ಟವೆಲ್ಲ ಕಳೆದು ಮೂರು ನಾಲ್ಕು ಗಂಟೆ ಎಂದು ಇಟ್ಟುಕೊಳ್ಳಿ. ಮಳೆಗಾಲದಲ್ಲಿ ರಾತ್ರಿಯೆಲ್ಲ ಕರೆಂಟಿಲ್ಲದ ಊರುಗಳಿಗೆ ಇದು ಸಾಲದು, ದೊಡ್ಡದೇ ಬೇಕು.

ನಮ್ಮ ಹಾಲಿನ ಡೈರಿಗಳಲ್ಲಿ ಹಾಲಿನ ತೂಕ, ಫ್ಯಾಟ್ ನೋಡುವ ಯಂತ್ರಗಳಿಗಾಗಿ ಯುಪಿಎಸ್ ಈಗಾಗಲೇ ಇರುತ್ತದೆ, ಅದಕ್ಕೇ ಫೋನನ್ನೂ ಸೇರಿಸಿದರಾಯಿತು ಎಂದು ಕಾರ್ಯದರ್ಶಿಗಳು ಹೇಳುತ್ತಾರೆ. ಒಳ್ಳೆಯ ಯೋಚನೆಯೇ. ಆದರೆ ಸಂಜೆಯ ಹಾಲು ಹಾಕಿಸಿಕೊಂಡು, ಕ್ಯಾನು ತೊಳೆದು, ಕೋಣೆಗೆ ಬೀಗ ಹಾಕುವ ಮುಂಚೆ ಕೊನೆಗೆ ಮಾಡುವ ಕೆಲಸ ಯಾವುದು? ಮೇನ್ ಸ್ವಿಚ್ ಆರಿಸುವುದು. ಇಲಿ ತಂತಿ ಕಡಿದು ಬೆಂಕಿ ಹತ್ತೀತು ಎಂಬ ಭಯಕ್ಕೆ ಎಷ್ಟೋ ಸಂಘಗಳಲ್ಲಿ ಇದು ರೂಢಿ. ಆ ಭಯ ತಪ್ಪಲ್ಲ. ಆದರೆ ಅದರೊಂದಿಗೆ ಫೋನೂ ಬೆಳಗಿನವರೆಗೆ ಮಲಗುತ್ತದೆ. ಹಸುವಿಗೆ ಕಷ್ಟ ಬರುವುದು ಹೆಚ್ಚಾಗಿ ಆ ಹೊತ್ತಿನಲ್ಲೇ. ಬ್ಯಾಟರಿ ಹಾಕಿಸುವ ದಿನವೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಫೋನಿಗೆ ಬೇರೆ ಲೈನು, ಬೇರೆ ಸಣ್ಣ ಫ್ಯೂಸು, ಕೊಳವೆಯೊಳಗೆ ತಂತಿ ಹಾಕಿಸಬೇಕು. ಮೇನ್ ಆರಿಸಿದರೂ ಅದು ಆರಬಾರದು. ಇದಕ್ಕೆ ಬೀಳುವ ಖರ್ಚು ಸ್ವಾಗತದ ಧ್ವನಿಯ ಕಾರ್ಡಿಗಿಂತ ಕಡಿಮೆ.

ಇನ್ನು ರಾತ್ರಿಯ ಕರೆ. ಹೆಚ್ಚು ಹಾಲು ಕೊಡುವ ಹಸು, ಮೂರನೆಯದೋ ನಾಲ್ಕನೆಯದೋ ಕರು ಹಾಕಿದ ಮೇಲೆ ಎರಡು ಮೂರು ದಿನದೊಳಗೆ ಹಾಲು ಜ್ವರಕ್ಕೆ ಬೀಳುವುದು ನಿಮಗೆ ಗೊತ್ತು. ಹೆಸರು ಜ್ವರ ಎಂದಿದ್ದರೂ ಮೈ ಸುಡುವುದಿಲ್ಲ, ಕಿವಿ ತಣ್ಣಗಾಗುತ್ತದೆ. ಹಸು ತೂರಾಡಿ ಕುಸಿಯುತ್ತದೆ, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗುತ್ತದೆ. ಸಕಾಲಕ್ಕೆ ನಿಧಾನವಾಗಿ ರಕ್ತನಾಳಕ್ಕೆ ಕ್ಯಾಲ್ಸಿಯಂ ಕೊಟ್ಟರೆ ಅದೇ ಹಸು ಕಣ್ಣೆದುರೇ ಎದ್ದು ನಿಲ್ಲುವುದನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ತಡವಾದರೆ ಹೊಟ್ಟೆ ಉಬ್ಬಿ, ಪ್ರಜ್ಞೆ ತಪ್ಪಿ ಕೈಬಿಟ್ಟುಹೋಗುತ್ತದೆ. ನಮ್ಮಲ್ಲಿ ಔಷಧಿಗೆ ಕೊರತೆಯಿಲ್ಲ. ರಾತ್ರಿ ಹನ್ನೊಂದಕ್ಕೆ ಮಾಡಿದ ಕರೆ ಬೀಗ ಹಾಕಿದ ಕೋಣೆಯಲ್ಲಿ ಹೊಡೆದುಕೊಂಡು ನಿಂತುಹೋದರೆ ಆ ಔಷಧಿ ಕಪಾಟಿನಲ್ಲೇ ಉಳಿಯುತ್ತದೆ.

ಇದಕ್ಕೆ ಉತ್ತರವಾಗಿ ಕೆಲವರು, ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ, ಡಾಕ್ಟರ ನಂಬರಿಗೇ ನೇರವಾಗಿ ಮಾಡಲಿ, ಕಚೇರಿಯ ಫೋನು ಯಾಕೆ ಎನ್ನುತ್ತಾರೆ. ಹೀಗೆ ಹೇಳುವವರು ಕೊಟ್ಟಿಗೆಯಲ್ಲಿ ನಿಂತು ಯೋಚಿಸಿದವರಲ್ಲ. ಮನೆಯಲ್ಲಿರುವ ಒಂದು ಸ್ಮಾರ್ಟ್‌ಫೋನು ಗಂಡನ ಜೊತೆ ಹೊಲಕ್ಕೋ ಮಗನ ಜೊತೆ ಪೇಟೆಗೋ ಹೋಗಿರುತ್ತದೆ. ಅಕ್ಕ ಪಕ್ಕದ ಮನೆಯ ಬಟನ್ ಫೋನು ಇಸಿದುಕೊಂಡು ಕರೆ ಮಾಡುತ್ತಾಳೆ. ಆ ಫೋನಿನಲ್ಲಿ ಡಾಕ್ಟರ ನಂಬರ್ ಇರುವುದಿಲ್ಲ. ಅವಳಿಗೆ ಬಾಯಿಗೆ ಬರುವುದು, ಇಲ್ಲವೇ ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿರುವುದು ಒಂದೇ ಒಂದು ನಂಬರ್. ವೈದ್ಯರಿಗೆ ವರ್ಗವಾಗುತ್ತದೆ, ರಜೆ ಇರುತ್ತದೆ, ಸಿಮ್ ಬದಲಾಗುತ್ತದೆ. ನಾನು ಈ ತಾಲ್ಲೂಕಿಗೆ ಬಂದಾಗ ಎಷ್ಟೋ ಗೋಡೆಗಳ ಮೇಲೆ ನನಗಿಂತ ಹಿಂದಿನವರ, ಅವರಿಗಿಂತ ಹಿಂದಿನವರ ನಂಬರುಗಳೇ ಇದ್ದವು. ಗೋಡೆಯ ಮೇಲಿನ ನಂಬರ್ ಬದಲಾಗಬಾರದು. ಆ ನಂಬರಿನ ಹಿಂದೆ ಯಾರು ಎತ್ತಬೇಕೆಂಬುದು ಬದಲಾಗುತ್ತಿರಬೇಕು. ಈ ಕೆಲಸವನ್ನು ಕಚೇರಿಯ ಪೆಟ್ಟಿಗೆಯೇ ಮಾಡಬಲ್ಲದು.

1962 ಇದೆಯಲ್ಲ ಎಂದೂ ಕೇಳುತ್ತಾರೆ. ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನದ ಆ ನಂಬರ್ ಗೋಡೆಯ ಮೇಲೆ ಇರಲೇಬೇಕು, ಇರಲಿ. ಆದರೆ ನಿಮ್ಮ ಹಸುವಿಗೆ ಯಾವಾಗ ಗರ್ಭ ಕಟ್ಟಿತು, ಕಳೆದ ಸಲ ಈಯುವಾಗ ಏನಾಯಿತು, ವಿಮೆ ಇದೆಯೇ ಎಂಬ ದಾಖಲೆಯೆಲ್ಲ ಸಂಘದಲ್ಲಿ, ಶಿಬಿರದಲ್ಲಿ ಇದೆ. ತುರ್ತು ಚಿಕಿತ್ಸೆಗೆ ಹೋಗುವ ವೈದ್ಯರು ಅಲ್ಲಿದ್ದಾರೆ. ಒಂದು ಬಾಗಿಲು ತೆರೆದಿದೆ ಎಂದು ಇನ್ನೊಂದನ್ನು ಮುಚ್ಚಬೇಕಾಗಿಲ್ಲ.

ಕರೆಯನ್ನು ಮೊಬೈಲಿಗೆ ತಿರುಗಿಸಲು ಎರಡು ದಾರಿಗಳಿವೆ. ಫೋನು ಕೊಡುವ ಕಂಪನಿಯೇ ತನ್ನ ಎಕ್ಸ್‌ಚೇಂಜಿನಲ್ಲಿ ತಿರುಗಿಸಿಕೊಡುವುದು ಒಂದು. ಇದಕ್ಕೆ ಏನೂ ಸಲಕರಣೆ ಬೇಡ. ಆ ಸೌಲಭ್ಯ ನಿಮ್ಮ ಲೈನಿಗೆ ಇದೆಯೇ ಎಂದು ಮೊದಲು ವಿಚಾರಿಸಿ, ಇದ್ದರೆ ಕಾರ್ಡಿನ ದುಡ್ಡು ಉಳಿಯಿತು. ಮಾರುವವರು ತಾವಾಗಿ ಇದನ್ನು ಹೇಳುವುದಿಲ್ಲ. ಆದರೆ ಇದರಲ್ಲಿ ದಿನಾ ಸಂಜೆ ಯಾರಾದರೂ ನೆನಪಿಟ್ಟು ಹಾಕಬೇಕು, ಬೆಳಿಗ್ಗೆ ತೆಗೆಯಬೇಕು. ಇನ್ನೊಂದು ದಾರಿ, ಪೆಟ್ಟಿಗೆಗೆ ಸಿಮ್ ಹಾಕುವ ಕಾರ್ಡು ಜೋಡಿಸುವುದು. ಹೊರಗಿನ ಕರೆ ಒಂದು ಲೈನಿನಲ್ಲಿ ಒಳಗೆ ಬರುತ್ತದೆ, ಪೆಟ್ಟಿಗೆ ಸಿಮ್ಮಿನ ಮೂಲಕ ವೈದ್ಯರ ಮೊಬೈಲಿಗೆ ಹೊಸದಾಗಿ ಕರೆ ಮಾಡಿ ಇಬ್ಬರನ್ನೂ ಸೇರಿಸುತ್ತದೆ. ಗಡಿಯಾರ ಇರುವ ಪೆಟ್ಟಿಗೆಯಾದರೆ ಸಂಜೆ ಆರಕ್ಕೆ ತಾನೇ ರಾತ್ರಿಯ ಕ್ರಮಕ್ಕೆ ಹೋಗಿ, ಬೆಳಿಗ್ಗೆ ತಾನೇ ಹಗಲಿನ ಕ್ರಮಕ್ಕೆ ಬರುವಂತೆ ಮಾಡಿಡಬಹುದು. ಮನುಷ್ಯರ ಮರೆವಿಗೆ ಅವಕಾಶ ಕೊಡದ ಈ ದಾರಿಯೇ ನನಗೆ ಇಷ್ಟ.

ಇದರಲ್ಲಿ ಒಂದು ತೊಡಕಿದೆ, ಹಾಕಿಸುವ ಮುಂಚೆಯೇ ತಿಳಿದಿರಲಿ. ಪೆಟ್ಟಿಗೆ ಹೊಸದಾಗಿ ಕರೆ ಮಾಡುವುದರಿಂದ ವೈದ್ಯರ ಮೊಬೈಲಿನಲ್ಲಿ ಕಾಣುವುದು ಪೆಟ್ಟಿಗೆಯ ಸಿಮ್ಮಿನ ನಂಬರ್, ನಿಮ್ಮದಲ್ಲ. ಮಾತಿನ ನಡುವೆ ಕರೆ ಕಡಿದುಹೋದರೆ ಅವರು ತಿರುಗಿ ನಿಮಗೆ ಮಾಡಲಾರರು. ಹಾಗಾಗಿ ಕರೆ ಮಾಡಿದವರ ನಂಬರನ್ನು ಹಿಡಿದಿಡುವ ಕಾರ್ಡೂ ಜೊತೆಗಿರುವುದು ಒಳ್ಳೆಯದು. ಬೆಳಿಗ್ಗೆ ಕಚೇರಿ ತೆರೆದವರು ರಾತ್ರಿ ಬಂದ ನಂಬರುಗಳನ್ನು ನೋಡಿ, ಎತ್ತದೆ ಹೋದ ಪ್ರತಿಯೊಂದಕ್ಕೂ ತಿರುಗಿ ಕರೆ ಮಾಡಿ, ಪುಸ್ತಕದಲ್ಲಿ ಬರೆದಿಡಬೇಕು. ಹಾಗೆ ಮಾಡುವಾಗ ಫೋನು ಎತ್ತುವುದು ಪಕ್ಕದ ಮನೆಯವರಾಗಿರಬಹುದು. 'ನಾವು ಮಾಡಿಲ್ಲ' ಎಂದರೆ ಅಲ್ಲಿಗೇ ಬಿಡದೆ, 'ನಿನ್ನೆ ರಾತ್ರಿ ನಿಮ್ಮ ಫೋನಿನಿಂದ ಯಾರಾದರೂ ಹಸುವಿನ ವಿಷಯಕ್ಕೆ ಮಾಡಿದ್ದರಾ?' ಎಂದು ಕೇಳಬೇಕು. ಈ ಒಂದು ಪ್ರಶ್ನೆಯನ್ನು ಕಚೇರಿಯ ಹುಡುಗರಿಗೆ ಕಲಿಸಬೇಕಾಗುತ್ತದೆ.

ವೈದ್ಯರೂ ಗುಡ್ಡದ ಹಿಂದಿನ ಊರಿಗೆ ಹೋಗಿ ಸಿಗ್ನಲ್ ಇಲ್ಲದೆ ಇರಬಹುದು. ಮೊದಲ ನಂಬರ್ ಸಿಗದಿದ್ದರೆ ಎರಡನೆಯದಕ್ಕೆ ಹೋಗುವ ಅನುಕೂಲ ನಿಮ್ಮ ಪೆಟ್ಟಿಗೆಯಲ್ಲಿ ಇದೆಯೇ ಎಂದು ಕೇಳಿ. ಬಾಯಿಮಾತನ್ನು ನಂಬಬೇಡಿ, ಹಾಕಿಸಿದ ದಿನ ಒಂದು ಮೊಬೈಲ್ ಆರಿಸಿಟ್ಟು ಕರೆ ಮಾಡಿ ನೋಡಿಯೇ ಬಿಲ್ಲಿಗೆ ಸಹಿ ಹಾಕಲಿ.

ಈ ಪ್ರಸ್ತಾಪ ನನ್ನ ನಿದ್ದೆಯನ್ನೂ ಕೆಡಿಸುವಂಥದ್ದು ಎಂಬುದು ನನಗೆ ಗೊತ್ತಿಲ್ಲದೆ ಇಲ್ಲ. ನನ್ನ ಸಹೋದ್ಯೋಗಿಗಳಲ್ಲಿ ಕೆಲವರಿಗೆ ಇದು ಹಿಡಿಸಿಲ್ಲ. ಅವರ ಆಕ್ಷೇಪದಲ್ಲೂ ನ್ಯಾಯವಿದೆ: ರಾತ್ರಿ ಹತ್ತಕ್ಕೆ ಕರೆ ಮಾಡಿ ಬಟವಾಡೆ ಯಾವಾಗ, ಪಶು ಆಹಾರದ ಲೋಡು ಬಂತಾ, ಬೋನಸ್ ಎಷ್ಟು ಎಂದು ಕೇಳುವವರೂ ಇದ್ದಾರೆ. ಅದಕ್ಕೆ ನನ್ನ ಉತ್ತರ ಎರಡು. ಪಾಳಿಯ ಪಟ್ಟಿ ಮಾಡಿದರೆ ಒಬ್ಬರ ಮೇಲೇ ಭಾರ ಬೀಳುವುದಿಲ್ಲ. ಸ್ವಂತ ಮೊಬೈಲ್ ನಂಬರ್ ಊರೆಲ್ಲ ಹಂಚಿಕೊಂಡಿರುವ ಈಗಿನ ಸ್ಥಿತಿಗಿಂತ ಅದು ವೈದ್ಯರಿಗೂ ಹಿತ, ಅದರಲ್ಲೂ ನಮ್ಮಂಥ ಹೆಣ್ಣುಮಕ್ಕಳಿಗೆ. ಬಟವಾಡೆ, ಬೋನಸ್ಸಿನ ವಿಚಾರವನ್ನು ನೀವೂ ಹಗಲಿಗೇ ಇಟ್ಟುಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಗಂಟೆಯ ವಿಷಯ ಸಣ್ಣದು ಎನಿಸಬಹುದು. ಬೆಳಿಗ್ಗೆ ಆರರಿಂದ ಎಂಟರವರೆಗೆ ಕಚೇರಿಯಲ್ಲಿ ಜನ ಇರುತ್ತಾರೆ, ಆದರೆ ಮೇಜಿನ ಮುಂದೆ ಇರುವುದಿಲ್ಲ. ಒಬ್ಬರು ಬಿಎಂಸಿ ಹತ್ತಿರ, ಒಬ್ಬರು ಟ್ಯಾಂಕರಿನ ಹತ್ತಿರ, ಇನ್ನೊಬ್ಬರು ಸೆಮೆನ್ ಇಡುವ ದ್ರವ ಸಾರಜನಕದ ಜಾಡಿಯ ಹತ್ತಿರ. ಕಂಪ್ರೆಸರಿನ ಸದ್ದಿನಲ್ಲಿ ಮೇಜಿನ ಫೋನಿನ ಕಿಣಿಕಿಣಿ ಯಾರಿಗೂ ಕೇಳುವುದಿಲ್ಲ. ಹೊರಗೋಡೆಗೆ ಒಂದು ಜೋರು ಗಂಟೆ, ಅದರ ಕೆಳಗೆ ಒಂದು ಫೋನು ಇದ್ದರೆ ಸಾಕು. ಆದರೆ ಮನೆಗೆ ಹಾಕುವ ಕಾಲಿಂಗ್ ಬೆಲ್ ತಂದು ಫೋನಿನ ತಂತಿಗೆ ಸುತ್ತುವ ಸಾಹಸ ಬೇಡ. ಅದು 230 ವೋಲ್ಟಿನದು. ಪೆಟ್ಟಿಗೆಯೂ ಸುಡುತ್ತದೆ, ಮನುಷ್ಯರಿಗೂ ಅಪಾಯ. ಫೋನಿನ ಲೈನಿಗೆಂದೇ ಮಾಡಿದ ಗಂಟೆ ಸಿಗುತ್ತದೆ, ಅದನ್ನೇ ತರಿಸಬೇಕು. ಒಂದೇ ಲೈನಿಗೆ ನಾಲ್ಕಾರು ಗಂಟೆ ಜೋಡಿಸಿದರೆ ಯಾವುದೂ ಸರಿಯಾಗಿ ಹೊಡೆಯುವುದಿಲ್ಲ. ಫೋನಿನ ತಂತಿಯನ್ನು ಮೋಟಾರಿನ ತಂತಿಯ ಜೊತೆ ಒಂದೇ ಕೊಳವೆಯಲ್ಲಿ ಎಳೆದರೆ ಮಾತಿನಲ್ಲಿ ಗುಂಯ್ ಎನ್ನುವ ಸದ್ದು ಸೇರಿಕೊಳ್ಳುತ್ತದೆ, ಬೇರೆ ಬೇರೆ ಎಳೆಸಬೇಕು. ಫೋನಿನ ತಂತಿ ಎಂದು ಸದರ ಬೇಡ, ಗಂಟೆ ಹೊಡೆಯುವಾಗ ಅದರಲ್ಲೂ ಶಾಕ್ ಹೊಡೆಯುವಷ್ಟು ವೋಲ್ಟೇಜು ಬರುತ್ತದೆ. ಕಾರ್ಡು ಸಿಕ್ಕಿಸುವಾಗ ಪೆಟ್ಟಿಗೆಯ ಕರೆಂಟು ಪೂರ್ತಿ ತೆಗೆದಿರಬೇಕು, ಬ್ಯಾಟರಿ ಸಮೇತ.

ಈಗ ನನಗೆ ಬೇಡವಾದದ್ದರ ಬಗ್ಗೆ. ನೀವು ಕರೆ ಮಾಡುತ್ತೀರಿ. ಒಂದು ಇಂಪಾದ ಧ್ವನಿ ಒಕ್ಕೂಟಕ್ಕೆ ಸ್ವಾಗತ ಎನ್ನುತ್ತದೆ. ಕನ್ನಡಕ್ಕೆ ಒಂದು, ಇಂಗ್ಲಿಷಿಗೆ ಎರಡು. ಆಮೇಲೆ ಪಶು ಆಹಾರಕ್ಕೆ ಒಂದು, ಬಟವಾಡೆಗೆ ಎರಡು, ವಿಮೆಗೆ ಮೂರು, ಚಿಕಿತ್ಸೆಗೆ ನಾಲ್ಕು. ಅಷ್ಟರಲ್ಲಿ ಕರುವಿನ ಒಂದು ಕಾಲು ಹೊರಗೆ ಬಂದಿದೆ, ತಲೆ ಕಾಣುತ್ತಿಲ್ಲ, ನಿಮ್ಮ ಎರಡೂ ಕೈಯಲ್ಲಿ ಲೋಳೆ, ಫೋನನ್ನು ಕಿವಿಗೂ ಭುಜಕ್ಕೂ ಒತ್ತಿಕೊಂಡಿದ್ದೀರಿ. ನಾಲ್ಕನ್ನು ಒತ್ತುವವರು ಯಾರು? ವಯಸ್ಸಾದ ಅಮ್ಮಂದಿರು ಅದು ಯಂತ್ರದ ಮಾತು ಎಂದು ತಿಳಿಯದೆ ಅದಕ್ಕೇ ಹಸುವಿನ ಕಷ್ಟ ಹೇಳಿಕೊಂಡು ಇಟ್ಟುಬಿಡುತ್ತಾರೆ. ಪಟ್ಟಣದ ಬ್ಯಾಂಕಿಗೆ, ದೊಡ್ಡ ಆಸ್ಪತ್ರೆಗೆ ಇದು ಹೊಂದಬಹುದು, ಅಲ್ಲಿ ದಿನಕ್ಕೆ ಸಾವಿರಾರು ಕರೆ. ಎಂಟು ಫೋನಿನ ಶಿಬಿರಕ್ಕೆ ಗಂಟೆ ಹೊಡೆದರೆ ಮನುಷ್ಯರು ಎತ್ತಿ 'ಹೇಳಿ ಅಕ್ಕ' ಎನ್ನುವುದಕ್ಕೆ ಏನು ಕಷ್ಟ? ಎಲ್ಲಾದರೂ ಈಗಾಗಲೇ ಆ ಕಾರ್ಡು ಹಾಕಿಸಿಬಿಟ್ಟಿದ್ದರೆ, ಏನೂ ಒತ್ತದಿದ್ದವರ ಕರೆ ಕೆಲವೇ ಕ್ಷಣದಲ್ಲಿ ತಾನಾಗಿ ವೈದ್ಯರ ಕೋಣೆಗೆ ಹೋಗುವಂತೆ ಮಾಡಿಸಿ. ಇಂಥ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಆ ಅನುಕೂಲ ಇರುತ್ತದೆ, ಕೇಳುವವರಿಲ್ಲದೆ ಹಾಗೇ ಉಳಿದಿರುತ್ತದೆ.

ಸಂದೇಶ ಹಿಡಿದಿಡುವ ಯಂತ್ರದ ವಿಷಯದಲ್ಲಿ ನಾನು ಅಷ್ಟು ಕಟುವಾಗಿಲ್ಲ. ಬಿದ್ದ ಹಸುವಿಗೆ ಅದು ನಿರುಪಯೋಗಿ. ಬೆದೆಗೆ ಬಂದ ಹಸುವಿಗೆ ಅದು ತುಂಬಾ ಉಪಯೋಗಿ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು ಎಂಬುದನ್ನು ಎಲ್ಲ ತರಬೇತಿಯಲ್ಲೂ ಹೇಳುತ್ತೇವೆ. ಸಂಜೆ ಏಳಕ್ಕೆ ನೀವು ಬೆದೆ ನೋಡಿದಿರಿ, ಯಂತ್ರಕ್ಕೆ ಹೆಸರು, ಊರು ಹೇಳಿಟ್ಟಿರಿ. ಕೃತಕ ಗರ್ಭಧಾರಣೆ ಮಾಡುವವರು ಬೆಳಿಗ್ಗೆ ಹೊರಡುವ ಮುಂಚೆ ಅದನ್ನು ಕೇಳಿದರೆ ದಾರಿಯಲ್ಲೇ ನಿಮ್ಮ ಮನೆ. ಯಾರನ್ನೂ ಎಬ್ಬಿಸಬೇಕಾಗಿಲ್ಲ. ಆ ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ನಿಮ್ಮ ಹಸುವಿನ ಒಂದು ದಿನದ ಹಿಂಡಿ, ಬೂಸಾ, ರಾಗಿ ಹುಲ್ಲಿನ ಖರ್ಚನ್ನು 21ರಿಂದ ಗುಣಿಸಿ ನೋಡಿ. ಯಂತ್ರದ ಬೆಲೆ ಆಗ ದೊಡ್ಡದೆನಿಸುವುದಿಲ್ಲ. ಬೆಳಿಗ್ಗೆ ಸಂದೇಶ ಕೇಳುವ ಜವಾಬ್ದಾರಿ ಯಾರದೆಂದು ಹೆಸರು ಹಾಕಿ ಬರೆದಿಡದಿದ್ದರೆ ಮಾತ್ರ ಅದನ್ನು ಕೊಳ್ಳಲೇಬೇಡಿ.

ಸಿಡಿಲಿನ ಬಗ್ಗೆ ಎರಡು ಮಾತು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಇಂಥ ಪೆಟ್ಟಿಗೆಗಳು ಸುಟ್ಟುಹೋಗುವುದು ನಮ್ಮಲ್ಲಿ ಮಾಮೂಲು. ಲೈನು ಒಳಗೆ ಬರುವ ಜಾಗದಲ್ಲಿ ಸಿಡಿಲು ತಡೆ ಹಾಕಿಸುತ್ತಾರೆ, ಒಳ್ಳೆಯದು. ಅದು ಕೆಲಸ ಮಾಡಬೇಕಾದರೆ ಅರ್ಥಿಂಗ್ ಸರಿ ಇರಬೇಕು. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಒಂದೆರಡು ಬಿಂದಿಗೆ ನೀರು ಹಾಕುವವರಿಲ್ಲದೆ ಅದು ಒಣಗಿ ಕೂತಿರುತ್ತದೆ. ಫೈಬರ್ ಬಂದಿದೆ, ಇನ್ನು ಸಿಡಿಲಿನ ಭಯವಿಲ್ಲ ಎಂದುಕೊಳ್ಳಬೇಡಿ, ಕರೆಂಟಿನ ತಂತಿಯಲ್ಲೂ ಅದು ಬರುತ್ತದೆ.

ಇದೆಲ್ಲ ಯಂತ್ರದವರ ವಿಷಯ, ನಮಗೇನು ತಿಳಿಯುತ್ತದೆ ಎಂದು ಹಿಂದೆ ಸರಿಯಬೇಡಿ. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ಮಾಡಿದ 128 ಲೈನಿನ ಸಣ್ಣ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಏರ್ ಕಂಡೀಷನ್ ಇಲ್ಲದೆ ನಮ್ಮ ಧೂಳು ಸೆಕೆಯಲ್ಲೇ ನಡೆಯಬೇಕೆಂದು ಅದನ್ನು ಮಾಡಿದ್ದರು. ಮಹಿಳಾ ಹಾಲು ಸಂಘಗಳಿಗೆ ಬಲ ಕೊಟ್ಟ ಕೇಂದ್ರದ ಸ್ಟೆಪ್ ಯೋಜನೆ ಶುರುವಾದದ್ದೂ ಹೆಚ್ಚುಕಡಿಮೆ ಆಗಲೇ, 1986-87ರಲ್ಲಿ. ಹಳ್ಳಿಗೆ ಏನು ಬೇಕೆಂದು ಕೇಳಿ ಮಾಡಿದ ಯಂತ್ರ ಹಳ್ಳಿಯಲ್ಲಿ ಬಾಳಿತು. ಇಂದಿನ ಪೆಟ್ಟಿಗೆಗೆ ಏನು ಸೇರಿಸಬೇಕೆಂದು ಹೇಳಬೇಕಾದವರು ಅದಕ್ಕೆ ಕರೆ ಮಾಡುವವರು. ಹಸುವಿನ ಕೆಲಸ ಮಾಡುವುದೂ ರಾತ್ರಿ ಕೊಟ್ಟಿಗೆಗೆ ಎದ್ದು ಹೋಗುವುದೂ ಹೆಚ್ಚಿನ ಮನೆಗಳಲ್ಲಿ ನೀವೇ. ಆದರೆ ಸಲಕರಣೆ ಕೊಳ್ಳುವ ಮಾತು ಬಂದಾಗ ಸಭೆಯಲ್ಲಿ ನಿಮ್ಮ ದನಿ ಕೇಳುವುದಿಲ್ಲ. ಮಹಿಳಾ ಸಂಘದ ಅಧ್ಯಕ್ಷೆಯರು ಹಿಂದಿನ ಸಾಲಿನಲ್ಲಿ ಕೂತು, ಚಹಾ ಕುಡಿದು ಬರುತ್ತಾರೆ.

ಮುಂದಿನ ಪ್ರಾದೇಶಿಕ ಸಭೆಗೆ ಹೋಗುವ ಅಧ್ಯಕ್ಷೆಯರು ಇಷ್ಟನ್ನು ಎದ್ದು ನಿಂತು ಕೇಳಲಿ. ನಮ್ಮ ಶಿಬಿರದ ಫೋನು ತಾಮ್ರದ್ದೋ ಫೈಬರೋ? ಕರೆಂಟು ಹೋದರೆ ಎಷ್ಟು ಗಂಟೆ ನಡೆಯುತ್ತದೆ? ಕಚೇರಿ ಮುಚ್ಚಿದ ಮೇಲೆ ಕರೆ ಎಲ್ಲಿಗೆ ಹೋಗುತ್ತದೆ, ಆ ವಾರ ಯಾರ ಪಾಳಿ? ಎತ್ತದ ಕರೆಗಳ ಪುಸ್ತಕ ಇದೆಯೇ? ಉತ್ತರ ಬಾಯಲ್ಲಿ ಬಂದರೆ ಸಾಲದು, ನಡಾವಳಿಯಲ್ಲಿ ಬರೆಸಿ. ಮೂರು ಕಡೆಯಿಂದ ದರಪಟ್ಟಿ ತರಿಸುವಾಗ ಬೆಲೆಯ ಜೊತೆಗೆ, ಕೆಟ್ಟರೆ ಎಷ್ಟು ದಿನದಲ್ಲಿ ಬಂದು ರಿಪೇರಿ ಮಾಡುತ್ತಾರೆ ಎಂಬುದನ್ನೂ ಬರೆಸಿ. ಜಿಲ್ಲಾ ಕೇಂದ್ರದಿಂದ ಮೆಕ್ಯಾನಿಕ್ ಬರಲು ಹದಿನೈದು ದಿನ ಬೇಕಾಗುವ ಅಗ್ಗದ ಪೆಟ್ಟಿಗೆ ನಮಗೆ ದುಬಾರಿಯೇ.

ಹಾಗೆಯೇ ಫೋನು ಎತ್ತಿದ ತಕ್ಷಣ ನೀವು ಹೇಳಬೇಕಾದದ್ದು: ನಿಮ್ಮ ಹೆಸರು, ಊರು, ಯಾರ ಮನೆ ಪಕ್ಕ, ಯಾರ ಫೋನಿನಿಂದ ಮಾಡುತ್ತಿದ್ದೀರಿ, ಆ ನಂಬರ್. ಹಸುವಿನ ವಿಷಯ ಆಮೇಲೆ. ಕರೆ ಕಡಿದರೂ ನಾವು ಬಂದು ಸೇರಬಹುದು. ನಂತರ, ಕರು ಹಾಕಿ ಎಷ್ಟು ದಿನವಾಯಿತು, ಹಸು ನಿಂತಿದೆಯೋ ಬಿದ್ದಿದೆಯೋ, ಎಡಹೊಟ್ಟೆ ಉಬ್ಬಿದೆಯೇ, ಈಯುವ ಹಸುವಾದರೆ ನೀರಿನ ಚೀಲ ಒಡೆದು ಎಷ್ಟು ಹೊತ್ತಾಯಿತು. ಚೀಲ ಒಡೆದು ಒಂದೆರಡು ಗಂಟೆಯಾದರೂ ಕರು ಮುಂದೆ ಬರದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ನಾವು ಬರುವವರೆಗೆ ಬಿದ್ದ ಹಸುವಿನ ಬಾಯಿಗೆ ಏನನ್ನೂ ಹೊಯ್ಯಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಪಕ್ಕಕ್ಕೆ ಉರುಳದಂತೆ ಹುಲ್ಲಿನ ಮೂಟೆ ಆನಿಸಿ, ಎದೆಯ ಮೇಲೆ ಕೂರುವಂತೆ ನೋಡಿಕೊಳ್ಳಿ.

ನಿಮ್ಮ ಶಿಬಿರದ ಫೋನು ಹೇಗಿದೆ ಎಂದು ತಿಳಿಯಲು ಸಭೆಯವರೆಗೂ ಕಾಯಬೇಕಾಗಿಲ್ಲ. ಈ ವಾರದಲ್ಲಿ ಒಂದು ದಿನ, ರಾತ್ರಿ ಒಂಬತ್ತರ ಮೇಲೆ, ಗೋಡೆಯ ಮೇಲಿರುವ ನಂಬರಿಗೆ ಒಂದು ಸಲ ಕರೆ ಮಾಡಿ. ಯಾರು ಎತ್ತಿದರು, ಎಷ್ಟು ಸಲ ಹೊಡೆದುಕೊಂಡಿತು, ಆಮೇಲೆ ಯಾರಾದರೂ ತಿರುಗಿ ಮಾಡಿದರೇ ಎಂಬುದನ್ನು ಹಾಲಿನ ಪಾಸ್‌ಬುಕ್ಕಿನ ಹಿಂದೆ ತಾರೀಖು ಹಾಕಿ ಬರೆದಿಡಿ. ಕಾಲುಬಾಯಿ ಜ್ವರದ ಲಸಿಕೆಗೆ ನಾನು ನಿಮ್ಮೂರಿಗೆ ಬಂದಾಗ ಆ ಪಾಸ್‌ಬುಕ್ ತೋರಿಸಿ. ಎಷ್ಟು ಊರುಗಳಲ್ಲಿ ಏನಾಯಿತು ಎಂದು ಒಟ್ಟು ಮಾಡಿ ಸಭೆಯ ಮುಂದೆ ಇಡುತ್ತೇನೆ.